ಅಪ್ಪನ ಮಂಚದ ಮೇಲೆ ಪಾಚಿ

ನಮ್ಮ ಹಿತ್ತಲಿನ ತೊಟ್ಟಿಯಲ್ಲಿ ನಾನು ಬೆಳೆಯುವುದು ಸ್ಪಿರುಲಿನಾ. ಒಣಗಿಸಿ ಪುಡಿ ಮಾಡಿದರೆ ಮಾತ್ರೆ ತಯಾರಿಸುವವರು ಕೊಳ್ಳುತ್ತಾರೆ. ಜಗಳೂರಿನಲ್ಲಿ ಅಷ್ಟುದ್ದ ಹೆಸರು ಹೇಳುವ ಪುರುಸೊತ್ತು ಯಾರಿಗೂ ಇಲ್ಲ, ಎಲ್ಲರೂ ಪಾಚಿ ಎನ್ನುತ್ತಾರೆ. ಬೆಳೆಯುವುದೇನೂ ಕಷ್ಟವಲ್ಲ. ಒಣಗಿಸುವುದರಲ್ಲಿ ನನ್ನ ಪ್ರಾಣ ಹೋಯಿತು.

ಮೊದಲ ಸಲ ತಾರಸಿಯ ಮೇಲೆ ದೋಸೆಯಷ್ಟು ದಪ್ಪಗೆ ಬಳಿದೆ. ಮೇಲೆ ಒಣಗಿತು, ಒಳಗೆ ಕೊಳೆಯಿತು. ಪಕ್ಕದ ಮನೆಯವರು ಸತ್ತ ಇಲಿ ಹುಡುಕುತ್ತ ತಮ್ಮ ಅಟ್ಟವನ್ನೆಲ್ಲ ಗುಡಿಸಿದರು. ನಾನು ಬಾಯಿ ಬಿಡಲಿಲ್ಲ. ಎರಡನೆಯ ಸಲ ತೆಳುವಾಗಿಯೇ ಹರಡಿದೆ. ಬಿಸಿಲಿಗೆ ಬಣ್ಣ ಹಾರಿತು, ಸಾಲದ್ದಕ್ಕೆ ಯಾರದೋ ಮೆಕ್ಕೆಜೋಳದ ಮಷೀನಿನ ಧೂಳು ಬಂದು ಕೂತಿತು. ಹೆಂಡತಿ ಕಡ್ಡಿ ಮುರಿದಂತೆ ಹೇಳಿದಳು: "ಇನ್ನೊಂದ್ಸಲ ಕೆಟ್ರೆ ಆ ತೊಟ್ಟಿ ಕುರಿಗೆ ನೀರು ಕುಡಿಸಾಕೆ. ತಿಳೀತಾ?"

ತಿಳಿಯಿತು. ನೆರಳು ಬೇಕು, ಗಾಳಿ ಬೇಕು, ಎಳೆ ತೆಳ್ಳಗಿರಬೇಕು. ಎಳೆಗೆ ಶಾವಿಗೆ ಒತ್ತುವ ಒರಳಿತ್ತು. ಮೇಲಿಂದಲೂ ಕೆಳಗಿಂದಲೂ ಗಾಳಿಯಾಡುವ ಜಾಗ ಮನೆಯಲ್ಲಿ ಒಂದೇ: ನಡುಮನೆಯ ಫ್ಯಾನಿನಡಿ, ಅಪ್ಪನ ಹಗ್ಗದ ಮಂಚ.

ಅಪ್ಪ ಸ್ನಾನ ಮುಗಿಸಿ ಬರುವಷ್ಟರಲ್ಲಿ ಮಂಚಕ್ಕೆ ತೆಳು ಬಟ್ಟೆ ಹಾಸಿ, ಅದರ ತುಂಬ ಹಸಿರು ಶಾವಿಗೆ ಒತ್ತಿಬಿಟ್ಟಿದ್ದೆ.

"ಏನೋ ಇದು? ಪಾಚಿಗೆ ಫ್ಯಾನು, ಪಾಚಿಗೆ ಮಂಚ. ನಾನೆಲ್ಲಿ ಮಲಗ್ಲಿ, ತೊಟ್ಟಿಯಾಗೇನು?"

"ಸಂಜೆ ತನಕ ಅಷ್ಟೇ ಅಪ್ಪಾ."

"ನಾನು ಹೊನ್ನಾಳಿಗೆ ಹೋಗ್ತೀನಿ. ಮಗಳ ಮನ್ಯಾಗೆ ನನಗೊಂದು ಮಂಚ ಐತೆ, ಹೊಳೆ ಗಾಳಿ ಐತೆ."

ಟವೆಲು ಹೆಗಲಿಗೆ ಹಾಕಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದೇಬಿಟ್ಟ. ನನಗೆ ಸಂಕಟವಾಯಿತು. ಆದರೂ ಕರೆಯಲಿಲ್ಲ, ಕರೆದಿದ್ದರೆ ಮಂಚ ಬಿಡಬೇಕಾಗುತ್ತಿತ್ತು.

ಮಧ್ಯಾಹ್ನ ನಾನು ಪೇಟೆಯಲ್ಲಿದ್ದಾಗ ಊರಿಗೆಲ್ಲ ಕರೆಂಟು ಹೋಯಿತು. ಅರ್ಧ ಹಸಿಯಿದ್ದ ಎಳೆಗಳು ನೆನಪಾದವು. ತೊಟ್ಟಿಗೆ ಮೂತಿಯಿಟ್ಟ ಕುರಿಗಳೇ ಕಣ್ಣಮುಂದೆ ಬಂದವು. ಎದ್ದೆನೋ ಬಿದ್ದೆನೋ ಎಂದು ಮನೆಗೆ ಓಡಿದೆ.

ಮಂಚದ ಪಕ್ಕ ನೆಲದ ಮೇಲೆ ಅಪ್ಪ ಕೂತಿದ್ದ. ಕೈಯಲ್ಲಿ ಬೀಸಣಿಗೆ. ಅಂಗಿ ಬೆವರಿಗೆ ಮೈಗಂಟಿತ್ತು, ಆದರೆ ಬೀಸುತ್ತಿದ್ದದ್ದು ಪಾಚಿಗೆ.

"ಹೊನ್ನಾಳಿಗೆ ಹೋಗಲಿಲ್ಲೇನು?"

"ಸ್ಟ್ಯಾಂಡಿನಾಗೇ ಕೂತಿದ್ದೆ. ಕರೆಂಟು ಹೋತು, ಬಂದೆ."

ಬೆಳಗಿನಿಂದ ಎಷ್ಟು ಬಸ್ಸು ಬಿಟ್ಟಿದ್ದನೋ. "ನನ್ನ ತೊಟ್ಟಿಗೋಸ್ಕರ ನೀನು..." ಎನ್ನಲು ಹೋದೆ.

"ನಿನ್ನ ತೊಟ್ಟಿಗೆ ಬೆಂಕಿ ಬೀಳ! ಇದು ಒಣಗಿದ್ರೆ ತಾನೆ ನನ್ ಮಂಚ ನನಗೆ ಸಿಗೋದು? ಇನ್ನೊಂದು ಬೀಸಣಿಗೆ ತಗೊಂಡು ಆ ಕಡೆ ಕೂತ್ಕೋ."

ಸಂಜೆ ಒಂದು ಎಳೆ ಬಗ್ಗಿಸಿದೆ. ಪಟ್ಟನೆ ಮುರಿಯಿತು. ಹಾಗೆ ಮುರಿದರೆ ಒಣಗಿದ ಲೆಕ್ಕ. ಹೆಂಡತಿಯೂ ಒಂದನ್ನು ಮುರಿದು ನೋಡಿ, ಪುಡಿ ತುಂಬಲು ಡಬ್ಬಿ ಹುಡುಕುತ್ತ ಒಳಗೆ ಹೋದಳು. ನಾನು ಬಟ್ಟೆಯನ್ನು ಎಳೆಗಳ ಸಮೇತ ಎತ್ತಿದ್ದೇ ತಡ, ಅಪ್ಪ ಮಂಚದ ಮೇಲೆ ಉರುಳಿದ. ಕರೆಂಟು ಇನ್ನೂ ಬಂದಿರಲಿಲ್ಲ. ಪಕ್ಕದಲ್ಲಿ ಕೂತು ಮೆಲ್ಲಗೆ ಬೀಸತೊಡಗಿದೆ.

ಅಪ್ಪ ಕಣ್ಣು ಬಿಡದೆಯೇ ಗದರಿದ: "ಜೋರಾಗಿ ಬೀಸೋ, ಪಾಚಿಗೆ ಬೀಸಿದಂಗೆ."