ಜುಲಿಯಾನಾಬಾಯಿ ಒಪ್ಪದ ‘ಇಲ್ಲ’

ಕೋವಿಡ್ ತಗ್ಗಿದ ಮರುವರ್ಷ ನಾನು ವಾಸ್ಕೋದ ನಮ್ಮ ಮನೆಯಲ್ಲೇ ಕುಳಿತು ಟ್ರಾನ್ಸ್‌ಕ್ರಿಪ್ಷನ್ ಮಾಡುತ್ತಿದ್ದೆ. ಅಂದರೆ ಸಂದರ್ಶನದ ಧ್ವನಿಮುದ್ರಣ ಕೇಳಿ, ಮಾತನ್ನು ಇದ್ದಂತೆಯೇ ಬರೆದಿಳಿಸುವುದು. ಕುಕ್ಕರ್ ಆರುವಷ್ಟರಲ್ಲಿ ಒಂದು ಪುಟ. ಗುಲಾಮಗಿರಿಯ ಬಗ್ಗೆ ಪಿಎಚ್.ಡಿ. ಮಾಡುತ್ತಿದ್ದ ಮೈಸೂರು ಕಡೆಯ ಮೇಡಂ ಒಬ್ಬರು ಈ ಕೆಲಸ ಕೊಟ್ಟಿದ್ದರು.

ಅವರು ಮಾತಾಡಿಸಿದವರಲ್ಲಿ ಜುಲಿಯಾನಾಬಾಯಿ ಒಬ್ಬರು. ಹಳಿಯಾಳ ಕಡೆಯ ಸಿದ್ದಿ ಹೆಂಗಸು, ಬಂದರಿನ ಗೋದಾಮಿನಲ್ಲಿ ಕೆಲಸ. ಪೋರ್ಚುಗೀಸರು ಆಫ್ರಿಕಾದಿಂದ ಹಡಗಿನಲ್ಲಿ ಗೋವೆಗೆ ತಂದ ಗುಲಾಮರಲ್ಲಿ ಹಲವರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದ್ದರು. ಅವರ ಸಂತತಿ ಇವರು.

ಪ್ರತಿ ಸಂದರ್ಶನದ ಜೊತೆ ತುಂಬಬೇಕಾದ ನಮೂನೆಯಲ್ಲಿ ‘ಆಫ್ರಿಕಾದ ಪೂರ್ವಿಕರ ಹೆಸರು’ ಎಂಬ ಕಾಲಂ ಇತ್ತು. ಆ ಪ್ರಶ್ನೆಗೆ ಧ್ವನಿಮುದ್ರಣದಲ್ಲಿ ಬರೀ ಮೌನ, ಹಿಂದೆ ಫ್ಯಾನಿನ ಕಿರಿಕಿರಿ. ನಾನು ‘ಇಲ್ಲ’ ಎಂದು ಟೈಪ್ ಮಾಡಿದೆ.

ಬರೆದದ್ದನ್ನು ಹೇಳಿದವರಿಗೇ ಓದಿ ಒಪ್ಪಿಗೆ ಪಡೆಯುವುದು ನಿಯಮ. ಮೇಡಂ ಜೊತೆ ಜುಲಿಯಾನಾಬಾಯಿಯ ಬಾಡಿಗೆ ಕೋಣೆಗೆ ಹೋದೆ. ಮೂಲೆಯಲ್ಲಿ ತೀರಿಕೊಂಡ ಹಿರಿಯರೆಂದು ಪೂಜೆಗೆ ಇಟ್ಟ ತೆಂಗಿನಕಾಯಿಗಳು ಸಾಲಾಗಿದ್ದವು.

“ಇಲ್ಲ ಅಂತ ಬರದೀರೇನ್ರಿ ಅಕ್ಕಾರ?” ಎಂದರು ಜುಲಿಯಾನಾಬಾಯಿ. “ಇಲ್ಲದವ್ರ ಹೊಟ್ಟ್ಯಾಗ ನಾವು ಹೆಂಗ ಹುಟ್ಟಿದ್ವಿ? ಆ ತುದೀ ಕಾಯಿ ಅವ್ರದ. ಹೆಸರು ಗೊತ್ತಿಲ್ಲ ಖರೇ, ಆದ್ರ ಹಬ್ಬದಾಗ ಮೊದಲ ಎಡಿ ಅವ್ರಿಗೇ. ಪೋರ್ಚುಗೀಸ್ರು ನಮ್ಮ ಕುಲಾನ ಕೊಂದಾರ್ರಿ.”

ಕೊಂದರು ಎನ್ನಲಾಗದು ಎಂದು ಮೇಡಂ ವಿವರಿಸಿದರು: ಗುಲಾಮ ಸತ್ತರೆ ಒಡೆಯನಿಗೇ ನಷ್ಟ, ಹಾಗಾಗಿ ಬದುಕಿಸಿಕೊಂಡ; ಒಂದು ಜನವನ್ನೇ ಮುಗಿಸಲು ಹೊರಡುವ ಜನಾಂಗಹತ್ಯೆ ಬೇರೆ.

“ಮೈ ಬೇಕಿತ್ರಿ, ಉಳಿಸಿದ್ರು. ಹೆಸರು, ಮಾತು, ತಾಯಿ ಯಾರು ಮಗಳು ಯಾರು ಅನ್ನೋದು, ಎಲ್ಲಾ ಕಸಗೊಂಡ್ರು. ಅದು ಕೊಂದಂಗಲ್ಲೇನು?”

“ಹಾಗಾದರೆ ಅಳಿದುಹೋದ ಜನ ಅಂತ ಬರೆಯೋಣ,” ಎಂದರು ಮೇಡಂ.

“ಅಳದು ಹೋಗಿದ್ರ ನಿಮಗೀಗ ಚಾ ಕೊಟ್ಟಾಕಿ ಯಾರ್ರೀ, ದೆವ್ವೇನು? ‘ಕಸಗೊಂಡಾರ’ ಅಂತ ಬರೀರಿ. ಇಲ್ಲಂದ್ರ ನನ್ನ ಮಾತು ಪೂರಾ ತಗದ ಹಾಕ್ರಿ.”

ದಾರಿಯಲ್ಲಿ ಮೇಡಂ, “‘ಕಸಿದುಕೊಂಡಿದ್ದಾರೆ’ ಅನ್ನೋದು ಅಭಿಪ್ರಾಯ. ಕಾಲಂಗೆ ಮಾಹಿತಿ ಬೇಕು, ‘ಇಲ್ಲ’ವೇ ಇರಲಿ” ಎಂದರು. ಕಾನ್ವೆಂಟಿನ ಸಿಸ್ಟರುಗಳ ಮುಂದೆ ತಲೆತಗ್ಗಿಸಿ ಬೆಳೆದವಳು ನಾನು, ಎದುರಾಡಿ ಗೊತ್ತಿಲ್ಲ. ಆದರೆ ಕೊನೆಯ ಪುಟದಲ್ಲಿ ‘ಹೇಳಿದಂತೆಯೇ ಬರೆದಿದೆ’ ಎಂದು ಸಹಿ ಹಾಕಬೇಕಾದವಳೂ ನಾನೇ.

“ಹಂಗಾದ್ರ ನಾ ಸಹಿ ಹಾಕೂದಿಲ್ರಿ ಮೇಡಂ,” ಎಂದೆ. “ನನ್ನ ತಪ್ಪನ್ನ ಅವ್ರ ಬಾಯಾಗ ತುರುಕೂದಿಲ್ಲ.”

ಸಹಿಯಿಲ್ಲದ ಸಂದರ್ಶನವನ್ನು ಬಳಸುವಂತಿಲ್ಲ. ಮೂರು ದಿನ ಫೋನ್ ಬರಲಿಲ್ಲ. ನಾಲ್ಕನೆಯ ದಿನ ಎರಡೇ ಶಬ್ದದ ಮೆಸೇಜು: ‘ಹೇಳಿದಂತೆಯೇ ಕಳಿಸಿ.’ ಕಾಲಂನಲ್ಲಿ ‘ಕಸಗೊಂಡಾರ’ ಎಂದು ಅವರ ಮಾತಿನಲ್ಲೇ ಬರೆದು ಸಹಿ ಹಾಕಿದೆ.

ಆಮೇಲೆ ಆ ಮೇಡಂ ನನಗೆ ಕೆಲಸ ಕೊಡಲಿಲ್ಲ. ಕೊಡದಿದ್ದರೆ ಬೇಡ. ಇನ್ನೊಬ್ಬರ ಮೌನಕ್ಕೆ ನನ್ನ ಉತ್ತರ ತುಂಬಬಾರದು ಎಂಬುದನ್ನು ಈ ಕೆಲಸ ಕಲಿಸಿದೆ. ಅದನ್ನು ಯಾರ ಕಾಲಂಗಾಗಿಯೂ ಮರೆಯಲಾರೆ.