ಓಡಿಸಿದ ಮೀನು

ಮೇಳಿಗೆ ಕಡೆಯಿಂದ ಹೊಸನಗರದ ಹಳ್ಳಿಯೊಂದಕ್ಕೆ ಸೊಸೆಯಾಗಿ ಬಂದಾಗ, ಮೀನಿನ ವಿಷಯದಲ್ಲಿ ನನಗೆ ಎಲ್ಲ ಗೊತ್ತೆಂಬ ಜಂಬವಿತ್ತು. ಅತ್ತೆಯ ಬಾಯಲ್ಲಿ ಮಾತ್ರ ನಾನು ಕೇಳಿರದ ಒಂದು ಮಾತಿತ್ತು: ಓಡಿಸಿದ ಮೀನು. ಜೀವಭಯದಲ್ಲಿ ಓಡಿದ ಮೀನಿನ ಸತ್ವವೆಲ್ಲ ಆ ಓಟಕ್ಕೇ ಖರ್ಚಾಗುತ್ತದೆ ಎಂಬುದು ಅವರ ಲೆಕ್ಕ. ವಯಸ್ಸಾದವರ ಹಟ ಎಂದುಕೊಂಡಿದ್ದೆ.

ಅರವತ್ತರ ದಶಕದ ನಡುವಿನ ಒಂದು ಮುಂಗಾರು. ಜ್ವರ ಬಿಟ್ಟರೂ ಅತ್ತೆಗೆ ಅನ್ನ ಸೇರಲೊಲ್ಲದು. ದಿನದಿಂದ ದಿನಕ್ಕೆ ಇಳಿದುಹೋದರು. ಹೀಗೇ ಆದರೆ ಉಳಿಯುವುದಿಲ್ಲ ಎಂದು ನಾಟಿ ಪಂಡಿತರು ಹೇಳಿಹೋದರು. ಕೊನೆಗೊಂದು ದಿನ ಅತ್ತೆಯೇ ಬಾಯಿಬಿಟ್ಟು ಕೇಳಿದ್ದು ಹತ್ತುಮೀನಿನ ಸಾರು. ಮೊದಲ ಮಳೆಗೆ ಹೊಳೆಯಿಂದ ಹಳ್ಳ ಹತ್ತಿ ಗದ್ದೆಗೆ ಬರುವ ಮೀನಿಗೆ ನಮ್ಮಲ್ಲಿ ಹಾಗೆನ್ನುತ್ತಾರೆ.

ನಮ್ಮ ಮನೆಯವರು ತಡಮಾಡದೆ ಕತ್ತಿ ಹಿಡಿದು ಗದ್ದೆಗಿಳಿದರು. ದೊಡ್ಡದೊಂದು ಅವಲು ಮೀನನ್ನು ಗದ್ದೆಯಿಂದ ಗದ್ದೆಗೆ ಅಟ್ಟಿ, ಅದು ಸುಸ್ತಾದ ಮೇಲೆ ಕಡಿದು, ಹುಲಿ ಹೊಡೆದವರ ಹಾಗೆ ಬಂದರು. ನಾನು ವಾಟೆಹುಳಿ ಹಾಕಿ ಸಾರು ಮಾಡಿದೆ. ಅತ್ತೆ ಒಂದು ಚೂರು ಬಾಯಿಗಿಟ್ಟು ತಟ್ಟೆ ಸರಿಸಿ, ಇದನ್ನು ಎಷ್ಟು ಓಡಿಸಿದೆ ಎಂದು ಮಗನನ್ನು ಕೇಳಿದರು. ಗದ್ದೆಯಲ್ಲಿ ನಡೆದದ್ದನ್ನು ಅವರಿಗೆ ಯಾರೂ ಹೇಳಿರಲಿಲ್ಲ.

ಉಳಿದದ್ದನ್ನು ನಾನು ತಿಂದು ನೋಡಿದೆ. ಹೋಳು ನೆನೆದ ಹಿಟ್ಟಿನ ಹಾಗೆ ಮೆತ್ತಗಿತ್ತು, ರುಚಿ ಸಪ್ಪೆ.

ಮರುದಿನ ಇವರು ಹಳ್ಳಕ್ಕೆ ಬಿದಿರಿನ ಕೂಣಿ ಇಟ್ಟರು. ಬೆಳಗಾಗುವಾಗ ಅದರೊಳಗೊಂದು ಅವಲು ಸಿಕ್ಕಿಕೊಂಡಿತ್ತು. ಅತ್ತೆ ಹೇಳಿಕೊಟ್ಟಂತೆ ಅದನ್ನು ಕೂಡಲೇ ಎತ್ತದೆ, ಕೂಣಿಯನ್ನು ಹರಿವ ನೀರಿನಲ್ಲೇ ನೆರಳಿಗೆ ಸರಿಸಿ, ಸೊಪ್ಪು ಮುಚ್ಚಿ, ಮಧ್ಯಾಹ್ನದವರೆಗೆ ಯಾರೂ ಆ ಕಡೆ ಸುಳಿಯದಂತೆ ಕಾದರು. ಮೀನಿಗೂ ಬಾಣಂತನವೇ ಎಂದು ನಾನು ನಕ್ಕೆ. ಆಮೇಲೆ ತಲೆಗೆ ಒಂದೇ ಪೆಟ್ಟು, ಅಷ್ಟೆ.

ಅದೇ ವಾಟೆಹುಳಿ, ಅದೇ ಖಾರ, ಅದೇ ನನ್ನ ಕೈ. ಮೀನು ಮಾತ್ರ ಬೇರೆ! ಹೋಳು ಗಟ್ಟಿಯಾಗಿ, ಎಸಳೆಸಳಾಗಿ ಬಿಡುತ್ತಿತ್ತು. ಸಾರಿನ ಖಾರದ ಹಿಂದೆಯೇ ಒಂದು ಸಿಹಿ ಬರುತ್ತಿತ್ತು. ಸಾಯುವ ಹೊತ್ತಿನ ನೆಮ್ಮದಿ, ಬೆಂಕಿಯ ಮೇಲೆ ಕುದಿದ ಮೇಲೂ ಹೀಗೆ ಉಳಿಯುತ್ತದೆಯೇ ಎಂದು ತುತ್ತು ಕೈಯಲ್ಲೇ ಹಿಡಿದು ಕೂತೆ. ಆ ಬೆರಗು ನನಗೆ ಇವತ್ತಿಗೂ ಇಳಿದಿಲ್ಲ.

ಅತ್ತೆ ಅನ್ನ ಕಲಸಿ ಉಂಡರು, ಮತ್ತೆ ಹಾಕಿಸಿಕೊಂಡರು. ಕೈ ತೊಳೆದು ಮಗನ ಮುಖ ನೋಡಿದರು.

"ಇದು ಹೆದ್ರಿಕೊಂಡು ಸತ್ತಿಲ್ಲ ಕಣೋ. ನೀವೂ ನನ್ನ ಹೆದ್ರಿಸ್ಬೇಡಿ. ಉಣ್ತೀನಿ."

ಉಣ್ಣದಿದ್ದರೆ ಹೋಗಿಬಿಡುತ್ತೀರಿ ಎಂದು ಹಗಲೆಲ್ಲ ಅವರ ಹಾಸಿಗೆಯ ಸುತ್ತ ನಿಂತು ಗೋಗರೆಯುತ್ತಿದ್ದೆವು ನಾವು.