ಹಾಜರಿಗೆ ಮೊದಲು ಮೇಸ್ತ್ರಿಯ ಮನಸ್ಸು

ಬೆಳಗಿನ ಆರು ಗಂಟೆ. ನೈಲ್ ನದಿಯ ಪಶ್ಚಿಮ ದಂಡೆಯ ದಿಬ್ಬದ ಮೇಲೆ ನಲವತ್ತೆರಡು ಮಂದಿ ಉತ್ಖನನದ ಕೆಲಸಗಾರರು ಸಾಲಾಗಿ ನಿಂತಿದ್ದಾರೆ. ಹಾಜರಿ ಪುಸ್ತಕ ಹಿಡಿದ ಶಾಜ್ಲಿ, ಯಾರ ಹೆಸರನ್ನೂ ಕೂಗುವ ಮೊದಲು ತಮ್ಮ ಸುದ್ದಿ ಹೇಳುತ್ತಾರೆ.

"ಮಂಡಿನೋವಿಂದ ನಿದ್ದೆ ಬಂದಿಲ್ಲ. ಬೆಳಿಗ್ಗೆ ಹೆಂಡತಿ ಸನಿಯ್ಯಾ ಜೊತೆ ಜಗಳ ಆಯ್ತು, ತಪ್ಪು ನನ್ನದೇ. ಮುಖ ಗಂಟು ಹಾಕ್ಕೊಂಡಿದ್ರೆ ಅದಕ್ಕೇ. ನಿಮಗೂ ಅದಕ್ಕೂ ಸಂಬಂಧ ಇಲ್ಲ."

"ಹಾಗಾದ್ರೆ ಬುತ್ತಿ ಕಟ್ಟಿಕೊಟ್ಟಿಲ್ಲ ಅನ್ನಿ, ರಯ್ಯಿಸ್," ಸಾಲಿನಿಂದ ಒಬ್ಬ ಕಾಲೆಳೆಯುತ್ತಾನೆ.

"ಕೊಟ್ಟಿದ್ದಾಳೆ. ಬರೀ ಈರುಳ್ಳಿ."

ನಗು ಮುಗಿದ ಮೇಲೆಯೇ ಹಾಜರಿ.

ರಯ್ಯಿಸ್ ಎಂದರೆ ಮೇಸ್ತ್ರಿ. ಕಿಫ್ತ್ ಊರಿನ ಶಾಜ್ಲಿಯವರಿಗೆ ಐವತ್ತೆಂಟು ವರ್ಷ. ಅಜ್ಜ, ಅಪ್ಪ ಮಾಡಿದ್ದೂ ಇದೇ ಕೆಲಸ. ದಿನಕ್ಕೆ ಎಂಟುನೂರು ಬುಟ್ಟಿ ಮಣ್ಣು ಅವರ ಕಣ್ಣೆದುರು ಹಾದುಹೋಗುತ್ತದೆ. ಹುಡುಕುವುದು ಹಸಿ ಇಟ್ಟಿಗೆಯ ಗೋಡೆಯನ್ನು. ಅದರ ಬಣ್ಣವೂ ಸುತ್ತಲಿನ ಮಣ್ಣಿನದೇ. ಕರಣೆಗೆ ತಾಗುವ ಗಟ್ಟಿತನದಿಂದಷ್ಟೇ ಗೋಡೆ ಯಾವುದು, ಮಣ್ಣು ಯಾವುದು ಎಂದು ತಿಳಿಯಬೇಕು. ಅವಸರದ ಕೈಗೆ ಅದು ತಿಳಿಯುವುದಿಲ್ಲ.

ಹೆಂಡತಿಯ ಕಾಯಿಲೆಯನ್ನು ಒಡಹುಟ್ಟಿದವನಿಗೂ ಹೇಳದ ಗಂಡಸರ ಸೀಮೆಯಿದು. ಹದಿನಾಲ್ಕು ವರ್ಷದಿಂದ ಇವರ ನೆರೆಯಲ್ಲಿದ್ದು, ಇವತ್ತು ಕೆಲಸ ನೋಡಲು ಬಂದ ನನಗೆ ಈ ಬೆಳಗಿನ ವರದಿ ವಿಚಿತ್ರವಾಗಿಯೇ ಕಾಣುತ್ತದೆ. ಕೇಳಿದರೆ ಶಾಜ್ಲಿ ಮೊದಲು ಟೀಗೆ ಸಕ್ಕರೆ ಸುರಿಯುತ್ತಾರೆ.

"ಮೂರು ವರ್ಷದ ಹಿಂದೆ ಸನಿಯ್ಯಾಗೆ ಆಪರೇಷನ್ ಆಯ್ತು. ಹೇಳಿದ್ರೆ ಮೇಸ್ತ್ರಿ ಮರ್ಯಾದೆ ಏನಾಗುತ್ತೆ ಅಂದ್ಕೊಂಡೆ. ಯಾರನ್ನೂ ಬೈಲಿಲ್ಲ. ಸುಮ್ನಿದ್ದೆ, ಅಷ್ಟೇ."

ಆ ಸುಮ್ಮನಿರುವಿಕೆಯೇ ಮುಳುವಾಯಿತು. ಮೊದಲ ದಿನ ಬುಟ್ಟಿ ಹೊರುವವರ ಹಾಡು ನಿಂತಿತು. ಮರುದಿನ ಎಲ್ಲರೂ ತಲೆ ಎತ್ತದೆ ಅವರೆಕಾಳು ರೊಟ್ಟಿ ತಿಂದು ಎದ್ದರು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎನ್ನುತ್ತಾರಲ್ಲ, ಇಲ್ಲಿ ಕೋಪವೇ ಇರಲಿಲ್ಲ, ಕೊತ್ತಿಗಳೇ ಊಹಿಸಿಕೊಂಡವು. ತಂಡದ ಅತಿ ಸೂಕ್ಷ್ಮ ಕೈಯ ನೂಬಿ, ತನ್ನ ನಿಧಾನಕ್ಕೇ ಮೇಸ್ತ್ರಿ ಸಿಟ್ಟಾಗಿದ್ದಾರೆಂದು ಬಿರುಸಿನಿಂದ ಅಗೆದು, ಒಂದೂವರೆ ಮೊಳ ಗೋಡೆ ಕಡಿದುಬಿಟ್ಟ. ಹೆದರಿ ಅಲ್ಲಿಗೆ ಒದ್ದೆ ಮಣ್ಣು ಮೆತ್ತಿದ. ಒಂಬತ್ತನೆಯ ದಿನ ಮಣ್ಣು ಒಣಗಿ ಬಿರುಕು ಬಿಟ್ಟಾಗ ಗುಟ್ಟು ರಟ್ಟಾಯಿತು. ಶಾಜ್ಲಿ ಎಲ್ಲರೆದುರು ಕೂಗಾಡಿದರು. ನೂಬಿ ಕರಣೆ ಇಟ್ಟು ಮನೆಗೆ ಹೋದ.

"ಮೊದಲು ಮುಚ್ಚಿಟ್ಟೋನು ನಾನು," ಎನ್ನುತ್ತಾರೆ ಶಾಜ್ಲಿ. "ಅವನು ನನ್ನಿಂದ ಕಲ್ತ."

ಒಂದು ಹಂಗಾಮು ಕಾದು, ಮೇಸ್ತ್ರಿಯೇ ಕೂಲಿಯವನ ಮನೆ ಬಾಗಿಲು ತಟ್ಟಿದರು. ಊರು ಆಡಿಕೊಂಡಿತು. ನೂಬಿ ಒಂದೇ ಕರಾರು ಹಾಕಿದ: "ನಿಮ್ಮ ಮುಖ ಓದೋ ಕೆಲಸ ನಂಗೆ ಬೇಡ, ರಯ್ಯಿಸ್. ಮಣ್ಣು ಓದೋದೇ ಸಾಕಾಗಿದೆ. ಏನಿದ್ರೂ ಬಾಯಲ್ಲಿ ಹೇಳಿ."

ಅಂದಿನಿಂದ ಈ ವರದಿ. ಆದರೆ ಬೆಳಗಿನ ನಾಲ್ಕು ಮಾತಿಗೆ ಹಳೆಯ ಹೆದರಿಕೆ ಹೋಗುತ್ತದೆಯೇ? ನನಗೆ ಅನುಮಾನವಿತ್ತು. ಇವತ್ತು ಎಂಟೂವರೆಗೆ ಗುಂಡಿಯೊಳಗಿಂದ ನೂಬಿಯ ದನಿ ಬರುತ್ತದೆ.

"ರಯ್ಯಿಸ್, ಬನ್ನಿ. ಗೋಡೆಗೆ ತಾಗಿಸಿಬಿಟ್ಟೆ."

ಬುಟ್ಟಿಗಳು ನಿಲ್ಲುತ್ತವೆ. ಶಾಜ್ಲಿ ಕುಂಟುತ್ತಾ ಇಳಿಯುತ್ತಾರೆ. ಮುಖ ಬಿಗಿದಿದೆ. ಕಡಿದ ಜಾಗದ ಮೇಲೆ ಬೆರಳಿಟ್ಟು ಅಳೆಯುತ್ತಾರೆ.

"ಎರಡು ಬೆರಳು. ಗುರುತು ಹಾಕು. ನಕ್ಷೆಯಲ್ಲಿ ಬರೆಸೋಣ." ಮೇಲೆ ಹತ್ತುವಾಗ ನೂಬಿಯ ಹೆಗಲನ್ನೇ ಆಸರೆಗೆ ಹಿಡಿಯುತ್ತಾರೆ.

ಇಷ್ಟು ವರ್ಷ ಅಗೆದು ಸಿಕ್ಕಿದ್ದರಲ್ಲಿ ದೊಡ್ಡದು ಯಾವುದು ಎಂದು ನಾನು ಕೇಳುತ್ತೇನೆ. ಚಿನ್ನದ್ದೋ ವಿಗ್ರಹದ್ದೋ ಕಥೆ ಬರುತ್ತದೆಂದುಕೊಂಡರೆ, ಶಾಜ್ಲಿ ಮತ್ತೆ ಗುಂಡಿಗಿಳಿದ ನೂಬಿಯನ್ನೇ ನೋಡುತ್ತಿದ್ದಾರೆ.

"ಆವತ್ತು ಗೊತ್ತಾಗೋಕೆ ಒಂಬತ್ತು ದಿನ ಬೇಕಾಯ್ತು. ಇವತ್ತು ಕರಣೆ ಕೆಳಗಿಡೋಕೂ ಮುಂಚೆ ನನ್ನ ಕರೆದ, ನೋಡಿದ್ರಾ?"